ಪದ ಬೇಕು: 'ನೇಷನ್' (ಗುರುವಾರ ಅಚ್ಚಿಗೆ ಹೋಗುತ್ತೆ)

ಬ್ರಾಂಪ್ಟನ್‌ನಿಂದ:
ಎಲ್ಲರಿಗೂ ನಮಸ್ಕಾರ. ಕೆನಡಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ ಹಂಚುವ ಕೈಪಿಡಿಯೊಂದನ್ನು ಅನುವಾದ ಮಾಡುತ್ತಿದ್ದೇನೆ. ನೇಷನ್ ಅನ್ನೋ ಒಂದೇ ಪದ ಮೂರು ಕಡೆ ಬಂದಿದೆ. ನ್ಯಾಷನಲ್ ಆಂಥೆಮ್‌ಗೆ ರಾಷ್ಟ್ರಗೀತೆ, ತಕರಾರಿಲ್ಲ. ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಶಾಸನಸಭೆಗೆ 1968ರಿಂದ ನ್ಯಾಷನಲ್ ಅಸೆಂಬ್ಲಿ ಅಂತ ಹೆಸರು. ರಾಷ್ಟ್ರೀಯ ಸಭೆ ಎಂದು ಬರೆದರೆ ಓದುವವರು ರಾಜಧಾನಿ ಒಟ್ಟಾವಾದಲ್ಲಿರುವ ಕೆನಡಾದ ಸಂಸತ್ತು ಅಂದುಕೊಳ್ಳುತ್ತಾರೆ. ಮೂರನೆಯದು ಫಸ್ಟ್ ನೇಷನ್ಸ್, ಕೆನಡಾದ ಮೂಲಜನರಲ್ಲಿ ಒಂದು ದೊಡ್ಡ ಗುಂಪಿನ ಹೆಸರು. ಬ್ರಾಂಪ್ಟನ್ ಇರುವ ನೆಲ 1818ರ ಒಪ್ಪಂದದಲ್ಲಿ ಅವರಲ್ಲೊಂದಾದ ಮಿಸ್ಸಿಸಾಗಾ ಜನರಿಂದ ಬ್ರಿಟಿಷರ ಕೈಗೆ ಹೋದದ್ದು. ಆ ಸಾಲು ಮೊದಲ ಪುಟದಲ್ಲೇ ಇದೆ. ಹಳೆಯ ಕರಡಿನಲ್ಲಿ 'ಬುಡಕಟ್ಟುಗಳು' ಅಂತಿತ್ತು. ಹೊಡೆದು ಹಾಕಿದ್ದೇನೆ. ಜಾಗ ಖಾಲಿ ಇದೆ.

ಧಾರವಾಡದಿಂದ:
ನಾಡು. ಇದರಲ್ಲಿ ಚರ್ಚೆ ಏನಿದೆ? ಕಾವೇರಿಯಿಂದ ಗೋದಾವರಿವರೆಗಿನ ನೆಲವನ್ನು ಕವಿರಾಜಮಾರ್ಗ ನಾಡು ಎಂದೇ ಕರೆದಿದೆ. ರಾಷ್ಟ್ರ ಸಂಸ್ಕೃತದಿಂದ ತಂದ ಪದ. ಅದರ ಹಿಂದೆಯೇ ಗಡಿ, ಸೈನ್ಯ, ಪಾಸ್‌ಪೋರ್ಟ್ ಎಲ್ಲ ಬರುತ್ತೆ. ಫಸ್ಟ್ ನೇಷನ್ಸ್‌ಗೆ 'ಮೊದಲ ನಾಡವರು' ಅಂತ ಹಾಕಿ.

ಅಂಕೋಲಾದಿಂದ:
ನಾಡವರು ಆಗೋದಿಲ್ಲ. ನಮ್ಮ ಕಡೆ ಅದು ಒಂದು ಜಾತಿಯ ಹೆಸರು. ಮೂಲನಿವಾಸಿಗಳು ಅಂತ ಬರೆಯಿರಿ, ಸುಮ್ನೆ ಎಳೆಯಬೇಡಿ.

ಬ್ರಾಂಪ್ಟನ್‌ನಿಂದ:
ಮೂಲನಿವಾಸಿಗಳು ಎಂದರೆ ಉತ್ತರ ಧ್ರುವದ ಕಡೆಯ ಇನ್ಯೂಟ್ ಜನರೂ, ಮೂಲಜನ ಮತ್ತು ಯುರೋಪಿನವರ ಮಿಶ್ರ ಮೂಲದ ಮೇಟಿ ಜನರೂ ಸೇರುತ್ತಾರೆ. ಫಸ್ಟ್ ನೇಷನ್ಸ್‌ನಲ್ಲಿ ಅವರು ಬರುವುದಿಲ್ಲ. ನನ್ನ ವಾಕ್ಯದಲ್ಲಿ ಮೂರೂ ಹೆಸರು ಬೇರೆ ಬೇರೆಯಾಗಿವೆ.

ತುಮಕೂರಿನಿಂದ:
ಕೆನಡಾ ಎಂಬ ಹೆಸರಿನಲ್ಲೇ ನಾಡು ಇದೆ ಅಲ್ವಾ? ಅದರ ಮೂಲ 'ಕನಾಟಾ', ಅಂದರೆ ಊರು. ಕರುನಾಡು, ಕನ್ನಡ, ಕನಾಟಾ. ಯಾರಾದರೂ ಇದನ್ನು ಕೂತು ನೋಡಬೇಕು.

ಮೈಸೂರಿನಿಂದ:
ಬೇಡ. ಫ್ರಾನ್ಸಿನ ನಾವಿಕ ಕಾರ್ಟಿಯೇ 1535ರಲ್ಲಿ ಅಲ್ಲಿನ ಮೂಲಜನರಾದ ಇರೊಕ್ವಾ ನುಡಿಯವರ ಬಾಯಲ್ಲಿ ಕೇಳಿದ ಪದ ಅದು. ಸದ್ದು ಹೋಲಿದ ಮಾತ್ರಕ್ಕೆ ನೆಂಟಸ್ತನ ಆಗುವುದಿಲ್ಲ.

ಮಾಂಟ್ರಿಯಲ್‌ನಿಂದ:
ನಾಡು ಸರಿ ಅನ್ನಲು ಬೇರೆ ಕಾರಣ ಇದೆ. ಕ್ವಿಬೆಕ್‌ನ ಫ್ರೆಂಚಿನಲ್ಲಿ ನೇಷನ್ ಎಂಬ ಪದ ಮೊದಲು ಜನರನ್ನು ಸೂಚಿಸುತ್ತದೆ, ಸರ್ಕಾರ ಆಮೇಲೆ. 2006ರ ನವೆಂಬರಿನಲ್ಲಿ ಒಟ್ಟಾವಾದ ಕೆಳಮನೆ ಒಂದು ನಿರ್ಣಯ ಮಾಡಿತು: ಒಂದಾಗಿರುವ ಕೆನಡಾದೊಳಗೆ ಕೆಬೆಕ್ವಾ, ಅಂದರೆ ಕ್ವಿಬೆಕ್‌ನ ಜನ, ಒಂದು ನೇಷನ್. ಪರವಾಗಿ 265, ವಿರುದ್ಧ 16. ಇದನ್ನು ಒಪ್ಪದೆ ಮೈಕಲ್ ಚಾಂಗ್ ಮಂತ್ರಿಗಿರಿಯನ್ನೇ ಬಿಟ್ಟರು. ಇಂಗ್ಲಿಷ್ ಪಠ್ಯದಲ್ಲೂ ಕೆಬೆಕ್ವಾ ಎಂಬ ಫ್ರೆಂಚ್ ಪದವನ್ನೇ ಉಳಿಸಿದ್ದರು. ಹಾಗಾದರೆ ಅದರಲ್ಲಿ ಯಾರೆಲ್ಲ ಸೇರಿದರು? ಪ್ರಾಂತ್ಯದವರೆಲ್ಲರೋ, ಫ್ರೆಂಚರು ಮಾತ್ರವೋ? ಮಾಂಟ್ರಿಯಲ್‌ನಲ್ಲಿ ಮನೆ ಮಾಡಿದ ನನ್ನಂಥವರಿಗೆ ಇದು ಬರೀ ವ್ಯಾಕರಣವಲ್ಲ. 'ರಾಷ್ಟ್ರ' ಎಂದು ಬರೆದರೆ ಬೇರೆ ದೇಶವೇ ಆಗಿಬಿಡುತ್ತದೆ. ನಾಡಗೀತೆ, ರಾಷ್ಟ್ರಗೀತೆ ಎರಡಕ್ಕೂ ಎದ್ದು ನಿಲ್ಲುವ ನಮಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಧಾರವಾಡದಿಂದ:
ಅದೇ ಕ್ವಿಬೆಕ್‌ನವರು ಇಮೇಲ್‌ಗೂ 'ಕುರಿಯೆಲ್' ಅಂತ ತಮ್ಮದೇ ಪದ ಕಟ್ಟಿಕೊಂಡರು. ನಾವು ಎಲ್ಲದಕ್ಕೂ ಸಾಲ ಕೇಳುತ್ತೇವೆ.

ಮೈಸೂರಿನಿಂದ:
ರಸ್ತೆ, ಸರ್ಕಾರ, ಕಾಗದ, ಮೇಜು. ಇವನ್ನೆಲ್ಲ ವಾಪಸ್ ಕೊಡುತ್ತೀರಾ? ನೀವು ಹೇಳಿದ ಕವಿರಾಜಮಾರ್ಗ ಹುಟ್ಟಿದ್ದೇ ರಾಷ್ಟ್ರಕೂಟರ ಆಸ್ಥಾನದಲ್ಲಿ. ರಾಷ್ಟ್ರ ಅವತ್ತಿನಿಂದಲೂ ಇಲ್ಲೇ ಇದೆ.

ಮಾಂಟ್ರಿಯಲ್‌ನಿಂದ:
ಫ್ರಾನ್ಸ್‌ನ ರಸ್ತೆಗಳಲ್ಲಿ ಫಲಕ 'ಸ್ಟಾಪ್' ಅಂತಲೇ ಇರುತ್ತೆ. ನಮ್ಮ ಬೀದಿ ಮೂಲೆಯ ಕೆಂಪು ಫಲಕದಲ್ಲಿ 'ಆರೆ', ಫ್ರೆಂಚಿನಲ್ಲಿ 'ನಿಲ್ಲಿ' ಅಂತ. ಫ್ರಾನ್ಸ್‌ನಲ್ಲಿ ಫ್ರೆಂಚಿಗೆ ಭಯವಿಲ್ಲ. ಇಲ್ಲಿ ಸುತ್ತಲೂ ಇಂಗ್ಲಿಷ್. ಸಾಲ ತಪ್ಪಲ್ಲ. ಯಾರಿಂದ, ಯಾವ ಸ್ಥಿತಿಯಲ್ಲಿ ತರುತ್ತೇವೆ ಅನ್ನೋದನ್ನು ನೋಡಬೇಕು.

ಬ್ರಾಂಪ್ಟನ್‌ನಿಂದ:
ಹೀಗೆ ಮಾಡಿದ್ದೇನೆ: ಕೆನಡಾದ ರಾಷ್ಟ್ರಗೀತೆ, ಕ್ವಿಬೆಕ್ ನಾಡಸಭೆ, ಮೊದಲ ನಾಡುಗಳು. ನಾಡವರು ಬಿಟ್ಟೆ, ಅಂಕೋಲಾದವರು ಹೇಳಿದ್ದು ಸರಿ. 'ಮಿಸ್ಸಿಸಾಗಾಸ್ ಆಫ್ ದ ಕ್ರೆಡಿಟ್ ಫಸ್ಟ್ ನೇಷನ್' ಎಂಬುದನ್ನು ಮಾತ್ರ ಮುಟ್ಟಿಲ್ಲ. ಅದು ಅವರ ಹೆಸರು, ಅನುವಾದ ಮಾಡುವ ಹಕ್ಕು ನನಗಿಲ್ಲ. ಬುಧವಾರ ರಾತ್ರಿ ಕರಡು ಕಳಿಸುತ್ತೇನೆ. ಒತ್ತಕ್ಷರ ತಪ್ಪಿದ್ದರೆ ಆಗಲೇ ತಿಳಿಸಿ.