ಮ್ಯೂಆನ್ ಡಿಟೆಕ್ಟರ್: ರಾತ್ರಿ ಕೌಂಟ್ ಸರಿ, ಮಧ್ಯಾಹ್ನ ಯದ್ವಾತದ್ವಾ. ಏನು ಮಾಡಲಿ?

ಬೆಣ್ಣೆದೋಸೆ_ಲ್ಯಾಬ್ (ದಾವಣಗೆರೆ)
ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಎರಡು ಪ್ಲೇಟಿನ ಮ್ಯೂಆನ್ ಡಿಟೆಕ್ಟರ್ ಮಾಡಿದ್ದೇನೆ, ಆಕಾಶದಿಂದ ಸುರಿಯುವ ಮ್ಯೂಆನ್ ಕಣ ಎಣಿಸುವುದು. ಎಲ್ಲಾ ಮಾಮೂಲಿ ಸೆಟಪ್ಪೇ. ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ದಾಟಿದರೆ ಮಿಂಚುವ ಪ್ಲೇಟ್) ಮೇಲೊಂದು ಕೆಳಗೊಂದು, ಎರಡಕ್ಕೂ ಎಸ್‌ಐಪಿಎಂ (ಆ ಮಿಂಚು ಹಿಡಿಯುವ ಸೆನ್ಸರ್), ಎರಡೂ ಒಟ್ಟಿಗೆ ಮಿಂಚಿದರೆ ಮಾತ್ರ ಎಣಿಕೆ. ರಾತ್ರಿ ನಿಮಿಷಕ್ಕೆ 24, 25 ಬರುತ್ತೆ. ಬೆಳಗ್ಗೆ ಹನ್ನೊಂದು ಗಂಟೆ ಆಯ್ತೋ, ಶುರು. ಗಂಟೆಯ ಸರಾಸರಿ ತೆಗೆದರೆ ನಿಮಿಷಕ್ಕೆ 900, ಮುಂದಿನ ಗಂಟೆ 2400, ಅದರ ಮುಂದಿನದು 1700. ಯಾವ ಲೆಕ್ಕಕ್ಕೂ ಸಿಗುತ್ತಿಲ್ಲ.

ಬೆಳಕು ಸೋರುತ್ತಿದೆ ಅಂತ ಕಪ್ಪು ಟೇಪ್ ಎಲ್ಲಾ ಬಿಚ್ಚಿ ಮತ್ತೆ ಸುತ್ತಿದೆ. ಪ್ರಯೋಜನ ಇಲ್ಲ. ಥ್ರೆಶೋಲ್ಡ್ (ಇದಕ್ಕಿಂತ ಸಣ್ಣ ಪಲ್ಸ್ ಎಣಿಸಬೇಡ ಅನ್ನುವ ಮಿತಿ) 40ರಿಂದ 60 ಮಿಲಿವೋಲ್ಟಿಗೆ ಏರಿಸಿದೆ. ರಾತ್ರಿ ಎಣಿಕೆ 19ಕ್ಕೆ ಇಳಿಯಿತು, ಮಧ್ಯಾಹ್ನದ್ದು ಜಪ್ಪಯ್ಯ ಅಂದರೂ ಇಳಿಯಲಿಲ್ಲ. ನಿನ್ನೆ ಕರೆಂಟ್ ಹೋಗಿದ್ದಾಗ ಸ್ವಲ್ಪ ಹೊತ್ತು ಚೆನ್ನಾಗಿ ಓಡಿತು, ಬಂದ ಮೇಲೆ ಮತ್ತೆ ಅದೇ ಹಣೆಬರಹ. ಎಸ್‌ಐಪಿಎಂ ಹಾಳಾಗಿದೆಯಾ? ಹೊಸದು ತರಿಸಬೇಕಾ?

ಡಾರ್ಕ್‌ಕೌಂಟ್
ಹೊಸದೇನೂ ಬೇಡ. ಇದು ಟೆಂಪರೇಚರ್, ಕಣ್ಣು ಮುಚ್ಚಿ ಹೇಳಬಹುದು. ಎಸ್‌ಐಪಿಎಂನ ಡಾರ್ಕ್ ನಾಯ್ಸ್, ಅಂದರೆ ಬೆಳಕಿಲ್ಲದೆಯೂ ಏಳುವ ಸುಳ್ಳು ಪಲ್ಸ್, ಹೆಚ್ಚೂಕಡಿಮೆ 10 ಡಿಗ್ರಿಗೆ ಒಂದರಂತೆ ದುಪ್ಪಟ್ಟಾಗುತ್ತೆ. ದಾವಣಗೆರೆಯ ಮಧ್ಯಾಹ್ನ ಅಂದರೆ ಕೇಳಬೇಕಾ? ಸೆನ್ಸರಿಗೆ ಕೊಡುವ ಬಯಾಸ್ ವೋಲ್ಟೇಜ್ ಬಿಸಿಗೆ ತಕ್ಕಂತೆ ಬದಲಾಗುವ ಹಾಗೆ ಟೆಂಪರೇಚರ್ ಕಾಂಪೆನ್ಸೇಷನ್ ಹಾಕಿ, ಎಲ್ಲಾ ಸರಿಹೋಗುತ್ತೆ.

ಉಡುಪಿ_ಆಸಿಲೋಸ್ಕೋಪ್
ಮಾರಾಯ್ರೆ, "ಮಾಮೂಲಿ ಸೆಟಪ್" ಅಂದರೆ ಯಾರ ಮನೆಯ ಮಾಮೂಲಿ? ಪ್ಲೇಟಿನ ಅಳತೆ ಎಷ್ಟು? ನಡುವೆ ಗ್ಯಾಪ್ ಎಷ್ಟು? ಯಾವ ಎಸ್‌ಐಪಿಎಂ, ಬಯಾಸ್ ಎಷ್ಟು? ಸಿಂಗಲ್ಸ್, ಅಂದರೆ ಒಂದೊಂದೇ ಪ್ಲೇಟಿನ ಬಿಡಿ ಎಣಿಕೆ, ಎಷ್ಟು? ಇದು ಯಾವುದೂ ಇಲ್ಲದೆ ಏನಂತ ಹೇಳುವುದು?

ನಭೋನಾಗ
ಹಗಲು ಜಾಸ್ತಿ, ರಾತ್ರಿ ಕಡಿಮೆ ಅಂದರೆ ಸೂರ್ಯನಿಂದಲೇ ಬರುತ್ತಿರಬೇಕು ಅಲ್ವಾ? ಸೌರ ಜ್ವಾಲೆ ಏನಾದರೂ ಆಗಿತ್ತಾ ನೋಡಿ.

ಉಡುಪಿ_ಆಸಿಲೋಸ್ಕೋಪ್
ಇಲ್ಲ. ಈ ಮ್ಯೂಆನ್‌ಗಳನ್ನು ಹುಟ್ಟಿಸುವ ಕಾಸ್ಮಿಕ್ ಕಿರಣ ಬರುವುದು ಸೌರಮಂಡಲದ ಆಚೆಯಿಂದ. ಹಗಲು ರಾತ್ರಿಯ ವ್ಯತ್ಯಾಸ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಇಲ್ಲಿ ನೂರು ಪಟ್ಟು ಏರಿದೆ.

ಬೆಣ್ಣೆದೋಸೆ_ಲ್ಯಾಬ್
ಕ್ಷಮಿಸಿ ಸರ್. ಪ್ಲೇಟ್ 10 ಸೆಂಟಿಮೀಟರ್ ಉದ್ದ, 10 ಅಗಲ, 1 ದಪ್ಪ. ಗ್ಯಾಪ್ 10 ಸೆಂಟಿಮೀಟರ್. 6 ಮಿಲಿಮೀಟರಿನ ಎಸ್‌ಐಪಿಎಂ, ಬ್ರೇಕ್‌ಡೌನ್ (ಸೆನ್ಸರ್ ಕೆಲಸ ಶುರು ಮಾಡುವ ವೋಲ್ಟೇಜ್) 24.5 ವೋಲ್ಟ್, ನಾನು ಕೊಡುತ್ತಿರುವುದು 29. ಸಿಂಗಲ್ಸ್ ನೋಡಿಲ್ಲ, ಬರೀ ಕಾಯಿನ್ಸಿಡೆನ್ಸ್ (ಎರಡೂ ಒಟ್ಟಿಗೆ ಮಿಂಚಿದ್ದು) ನೋಡುತ್ತಿದ್ದೆ. ಇನ್ನೊಂದು ಡೌಟ್. ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಒಂದು ಮ್ಯೂಆನ್ ಅಂತಾರಲ್ಲ, ಹಾಗಾದರೆ ನನಗೆ 100 ಬರಬೇಕಿತ್ತಲ್ವಾ? ರಾತ್ರಿಯ 24 ಕೂಡ ತಪ್ಪಾ?

ಉಡುಪಿ_ಆಸಿಲೋಸ್ಕೋಪ್
24 ಸರಿ ಉಂಟು. ಆ 100 ಅನ್ನುವುದು ಒಂದು ಪ್ಲೇಟಿನ ಮೇಲೆ ಎಲ್ಲಾ ಕಡೆಯಿಂದ ಬೀಳುವುದು ಸೇರಿ. ನಿಮಗೆ ಎಣಿಕೆ ಸಿಗುವುದು ಎರಡನ್ನೂ ದಾಟಿದರೆ ಮಾತ್ರ. 10 ಸೆಂಟಿಮೀಟರ್ ಗ್ಯಾಪ್ ಇಟ್ಟರೆ ಓರೆಯಾಗಿ ಬಂದದ್ದು ಬಹಳಷ್ಟು ತಪ್ಪಿಹೋಗುತ್ತದೆ. ನನ್ನ ಲೆಕ್ಕಕ್ಕೆ 20ರಿಂದ 25 ಬರಬೇಕು. ಹಾಗಾಗಿ ಡಿಟೆಕ್ಟರ್ ಸತ್ತಿಲ್ಲ.

ಈಗ ಡಾರ್ಕ್ ನಾಯ್ಸ್ ಮಾತು. ಎರಡು ಪ್ಲೇಟಿನ ನಾಯ್ಸ್ ಆಕಸ್ಮಿಕವಾಗಿ ಒಟ್ಟಿಗೆ ಬೀಳುವ ದರ 2 × ಟೌ × ಆರ್1 × ಆರ್2 (ಟೌ ಅಂದರೆ ಪಲ್ಸ್ ಅಗಲ, ಆರ್1, ಆರ್2 ಒಂದೊಂದು ಪ್ಲೇಟಿನ ದರ). ನಿಮ್ಮ ಪಲ್ಸ್ ಅಗಲ 1 ಮೈಕ್ರೋಸೆಕೆಂಡ್ ಅಂತಿಟ್ಟುಕೊಳ್ಳುವ. ನಿಮಿಷಕ್ಕೆ 2400 ಅಂದರೆ ಸೆಕೆಂಡಿಗೆ 40. ಅಷ್ಟು ಬರಬೇಕಾದರೆ ಒಂದೊಂದು ಪ್ಲೇಟೂ ಸೆಕೆಂಡಿಗೆ ನಾಲ್ಕೂವರೆ ಸಾವಿರ ಸಲ ಹೊಡೆದುಕೊಳ್ಳಬೇಕು. ಮೊದಲು ಸಿಂಗಲ್ಸ್ ಅಳೆಯಿರಿ. ಆಮೇಲೆ ಉಳಿದದ್ದು.

ಡಾರ್ಕ್‌ಕೌಂಟ್
ಹೊಡೆದುಕೊಳ್ಳುತ್ತೆ ಸ್ವಾಮಿ. 6 ಮಿಲಿಮೀಟರ್ ಸೆನ್ಸರ್ ಅಂದರೆ 36 ಚದರ ಮಿಲಿಮೀಟರ್. ಕೋಣೆಯ ಟೆಂಪರೇಚರಿನಲ್ಲೇ ಸೆಕೆಂಡಿಗೆ ಹತ್ತು ಲಕ್ಷದ ಆಸುಪಾಸಿನಲ್ಲಿ ಡಾರ್ಕ್ ಪಲ್ಸ್ ಇರುತ್ತೆ. ನಾಲ್ಕೂವರೆ ಸಾವಿರ ಯಾವ ಲೆಕ್ಕ?

ಉಡುಪಿ_ಆಸಿಲೋಸ್ಕೋಪ್
ಆ ಹತ್ತು ಲಕ್ಷ ಒಂದೊಂದು ಫೋಟೋಎಲೆಕ್ಟ್ರಾನ್ ಗಾತ್ರದ್ದು, ಸೆನ್ಸರ್ ಕೊಡುವ ಅತಿ ಸಣ್ಣ ಪಲ್ಸ್. ಅವರ ಥ್ರೆಶೋಲ್ಡ್ ಅದಕ್ಕಿಂತ ಎಷ್ಟೋ ಮೇಲೆ ಉಂಟು, ಇಲ್ಲದಿದ್ದರೆ ರಾತ್ರಿಯೂ ಪ್ರವಾಹ ಬರುತ್ತಿತ್ತು. ಮತ್ತೆ ಬಿಸಿಯಾದರೆ ಬ್ರೇಕ್‌ಡೌನ್ ವೋಲ್ಟೇಜ್ ಡಿಗ್ರಿಗೆ ಸುಮಾರು 21.5 ಮಿಲಿವೋಲ್ಟ್ ಏರುತ್ತದೆ. 10 ಡಿಗ್ರಿಗೆ 0.2 ವೋಲ್ಟ್. ಬಯಾಸ್ 29ರಲ್ಲೇ ನಿಂತಿದ್ದರೆ ಓವರ್‌ವೋಲ್ಟೇಜ್ (ಬ್ರೇಕ್‌ಡೌನ್ ಮೇಲಿನ ಹೆಚ್ಚುವರಿ) ಇಳಿದು ಗೇನ್, ಅಂದರೆ ಪಲ್ಸಿನ ಗಾತ್ರ, ನೂರಕ್ಕೆ ಐದರಷ್ಟು ಕಡಿಮೆಯಾಗುತ್ತದೆ. ಅಂದರೆ ಮಧ್ಯಾಹ್ನ ಎಣಿಕೆ ಇಳಿಯಬೇಕು, ಏರುವುದಲ್ಲ.

ಡಾರ್ಕ್‌ಕೌಂಟ್
ಪುಸ್ತಕದಲ್ಲಿ ಹಾಗೇ ಇರುತ್ತೆ. ನನ್ನ ಹತ್ತಿರ ನಾಲ್ಕು ಪ್ಲೇಟಿನ ಸ್ಟ್ಯಾಕ್ ಇದೆ. ಎಲ್ಲಕ್ಕೂ ಪೆಲ್ಟಿಯರ್ ಕೂಲಿಂಗ್, 15 ಡಿಗ್ರಿಗೆ ಕಟ್ಟಿಹಾಕಿದ್ದೇನೆ. ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಲೆಕ್ಕ ಯಾರು ಬೇಕಾದರೂ ಹಾಕಬಹುದು.

ತುಂಗೆತಟ
ಪೆಲ್ಟಿಯರ್ ಹಾಕಿ ಒಳಗೆ ನೀರು ಕಟ್ಟಲ್ವಾ? ನನ್ನದರಲ್ಲಿ ಬೋರ್ಡೇ ತುಕ್ಕು ಹಿಡಿದಿತ್ತು.

ಡಾರ್ಕ್‌ಕೌಂಟ್
ಸಿಲಿಕಾ ಜೆಲ್ ಹಾಕಿದರೆ ಕಟ್ಟಲ್ಲ. ಡಬ್ಬದ ಫೋಟೋ ಹಾಕುತ್ತೇನೆ ಇರಿ. ಒಳಗಡೆ ಟೆಫ್ಲಾನ್ ಟೇಪ್ ಸುತ್ತಿದ್ದೇನೆ, ಪ್ಲಂಬರ್ ಬಳಸುವುದೇ. ಅಲ್ಯೂಮಿನಿಯಂ ಫಾಯಿಲ್‌ಗಿಂತ ಎಷ್ಟೋ ವಾಸಿ.

ಕೋಲಾರದ_ಕೆಂಪಣ್ಣ
ಫಾಯಿಲ್ ಬಗ್ಗೆ ಹಗುರಾಗಿ ಮಾತಾಡಬೇಡಿ. ಅಡುಗೆಮನೆ ಫಾಯಿಲ್ ಸುತ್ತಿಯೇ ನನ್ನದು ಸೊಗಸಾಗಿ ಓಡುತ್ತಿದೆ. ಅಷ್ಟಕ್ಕೂ ನಮ್ಮ ಕೆಜಿಎಫ್ ಗಣಿಯಲ್ಲಿ 1965ರಲ್ಲೇ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣ ಹಿಡಿದರಲ್ಲ, ಅವರ ಹತ್ತಿರ ಎಸ್‌ಐಪಿಎಂ ಇತ್ತಾ, ಪೆಲ್ಟಿಯರ್ ಇತ್ತಾ? ಚಾಂಪಿಯನ್ ರೀಫ್‌ನಲ್ಲಿ ಎರಡು ಕಿಲೋಮೀಟರಿಗಿಂತ ಆಳ, ಆ ಧಗೆಯಲ್ಲಿ ಪ್ಲಾಸ್ಟಿಕ್ ಸಿಂಟಿಲೇಟರ್, ನಿಯಾನ್ ಫ್ಲ್ಯಾಶ್ ಟ್ಯೂಬ್ ಇಟ್ಟುಕೊಂಡು ಮಾಡಿದ್ದು. ಅದಕ್ಕೂ ಮೊದಲು, 1950ರ ದಶಕದ ಆರಂಭದಲ್ಲಿ, ನಂಜನಗೂಡಿನ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ ಅದೇ ಗಣಿಗಳಲ್ಲಿ ಬೇರೆ ಬೇರೆ ಆಳಕ್ಕೆ ಇಳಿದು ಮ್ಯೂಆನ್ ಎಣಿಸಿದ್ದರು. ಜಗತ್ತಿನಲ್ಲೇ ಮೊದಲು ನಮ್ಮದು.

ನಭೋನಾಗ
ನ್ಯೂಟ್ರಿನೋದಲ್ಲಿ ಮೊದಲು ಅನ್ನುವುದಕ್ಕೆ ತಕರಾರಿದೆ. ಅದೇ 1965ರಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ವಿಜ್ಞಾನಿ ರೈನ್ಸ್ ಅವರ ತಂಡವೂ ಹಿಡಿದಿತ್ತು.

ಕೋಲಾರದ_ಕೆಂಪಣ್ಣ
ಪ್ರಕಟಣೆ ಮೊದಲು ಬಂದದ್ದು ಕೆಜಿಎಫ್‌ನದು. ಅದನ್ನೂ ಸೇರಿಸಿ ಹೇಳಿ.

ನಭೋನಾಗ
ಹೇಳ್ತೀನಿ. ರೈನ್ಸ್ ತಂಡಕ್ಕೆ ನ್ಯೂಟ್ರಿನೋ ಮೊದಲು ಸಿಕ್ಕಿತ್ತು ಅನ್ನುವುದನ್ನೂ ನೀವು ಸೇರಿಸಿ ಹೇಳಿ.

ತುಂಗೆತಟ
ಇಬ್ಬರೂ ಇದಕ್ಕೆ ಬೇರೆ ಎಳೆ ಶುರು ಮಾಡಿಕೊಳ್ಳಿ ಪ್ಲೀಸ್. ದಾವಣಗೆರೆಯವರು ಕಾಯುತ್ತಿದ್ದಾರೆ.

ಬೆಣ್ಣೆದೋಸೆ_ಲ್ಯಾಬ್
ಸಿಂಗಲ್ಸ್ ಅಳೆದೆ. ರಾತ್ರಿ ಮೇಲಿನ ಪ್ಲೇಟ್ ಸೆಕೆಂಡಿಗೆ 9, ಕೆಳಗಿನದು 8. ಮಧ್ಯಾಹ್ನ 109 ಮತ್ತು 108. ಡಾರ್ಕ್‌ಕೌಂಟ್ ಸರ್ ಹೇಳಿದರು ಅಂತ ಐಸ್ ಪ್ಯಾಕ್ ಇಟ್ಟೂ ನೋಡಿದೆ. ಪ್ಲೇಟ್ ತಣ್ಣಗೆ ಕೊರೆಯುತ್ತಿತ್ತು, ಎಣಿಕೆ ಮಾತ್ರ ಹಾಗೇ.

ಡಾರ್ಕ್‌ಕೌಂಟ್
ಐಸ್ ಪ್ಯಾಕ್ ಸೆನ್ಸರಿಗೆ ತಾಗಿರಲ್ಲ. ಪ್ಲಾಸ್ಟಿಕ್ ಶಾಖ ದಾಟಿಸಲ್ಲ. ಸರಿಯಾಗಿ ಕೂಲ್ ಮಾಡಿ ನೋಡಿ.

ವೈಟ್‌ಫೀಲ್ಡ್_ವೈದೇಹಿ
ತಡವಾಗಿ ಬಂದೆ. ಮೇಲಿಂದ ಓದಿಕೊಂಡು ಬಂದರೆ ಒಂದು ಸಾಲು ಯಾರ ಕಣ್ಣಿಗೂ ಬಿದ್ದೇ ಇಲ್ಲ. "ಕರೆಂಟ್ ಹೋಗಿದ್ದಾಗ ಚೆನ್ನಾಗಿ ಓಡಿತು" ಅಂತ ಅವರು ಮೊದಲ ಪೋಸ್ಟಿನಲ್ಲೇ ಹೇಳಿದ್ದಾರೆ. ಕರೆಂಟ್ ಹೋದರೆ ಕೋಣೆ ಇನ್ನೂ ಬಿಸಿ ಆಗುತ್ತೆ ಹೊರತು ತಣ್ಣಗಾಗಲ್ಲ.

ಮೂರು ಕೆಲಸ ಮಾಡಿ. ಒಂದು, ಎರಡು ಪ್ಲೇಟನ್ನೂ ಕೋಣೆಯ ಎರಡು ಮೂಲೆಗೆ ಇಡಿ. ಒಂದೇ ಮ್ಯೂಆನ್ ಎರಡನ್ನೂ ದಾಟುವುದು ಆಗ ಹೆಚ್ಚೂಕಡಿಮೆ ನಿಂತೇ ಹೋಗುತ್ತೆ. ಎಣಿಕೆ ಉಳಿದರೆ ಅದು ವೈರಿನಲ್ಲಿ ಬರುತ್ತಿರುವುದು. ಎರಡು, ಗಂಟೆಯ ಸರಾಸರಿ ಬಿಟ್ಟು ನಿಮಿಷ ನಿಮಿಷದ ಸಂಖ್ಯೆ ಹಾಕಿ. ಮೂರು, ಬೋರ್ಡಿನ ಫೋಟೋ.

ತುಂಗೆತಟ
ಲ್ಯಾಪ್‌ಟಾಪ್ ಚಾರ್ಜರ್ ಇರಬೇಕು ಮೇಡಂ. ಅಗ್ಗದ ಚಾರ್ಜರ್ ಅಂದರೆ ನಾಯ್ಸಿನ ಕಾರ್ಖಾನೆ. ಕಿತ್ತು ನೋಡಲಿ.

ಬೆಣ್ಣೆದೋಸೆ_ಲ್ಯಾಬ್
ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ಓಡಿಸಿದೆ. ಏನೂ ಬದಲಾಗಲಿಲ್ಲ. ಪ್ಲೇಟ್ ದೂರ ಇಟ್ಟೆ. ರಾತ್ರಿ ಎಣಿಕೆ ಸೊನ್ನೆ, ಯಾವಾಗಲೋ ಒಂದು. ಮಧ್ಯಾಹ್ನ ಮಾತ್ರ ಭರ್ಜರಿ. ನಿಮಿಷದ ಸಂಖ್ಯೆ ಇಲ್ಲಿದೆ, ಇದು ಪ್ಲೇಟ್ ಒಟ್ಟಿಗೆ ಇದ್ದಾಗಿನದು:
23, 27, 22, 25, 3140, 5998, 6013, 6017, 6009, 2280, 26, 21.
ಬ್ರೆಡ್‌ಬೋರ್ಡ್ ಮೇಲೇ ಇದೆ. ಪ್ಲೇಟಿನಿಂದ ಬೋರ್ಡಿಗೆ ಉದ್ದನೆಯ ಜಂಪರ್ ವೈರ್. ಎರಡಕ್ಕೂ ಬಯಾಸ್ ಕೊಡುವುದು ಒಂದೇ ಬೂಸ್ಟ್ ಕನ್ವರ್ಟರ್. ಥ್ರೆಶೋಲ್ಡ್ ನೋಡುವ ಕಂಪೇರೇಟರ್ ಆದ ಮೇಲೆ ಎರಡೂ ಒಟ್ಟಿಗೆ ಬಂದರೆ ಮಾತ್ರ ಬಿಡುವ ಆ್ಯಂಡ್ ಗೇಟ್, ಆಮೇಲೆ ಎಣಿಸುವ ಆರ್ಡುಯಿನೊ ಬೋರ್ಡ್.

ವೈಟ್‌ಫೀಲ್ಡ್_ವೈದೇಹಿ
6000 ಭಾಗಿಸು 60, ಸೆಕೆಂಡಿಗೆ 100. ಸಿಂಗಲ್ಸ್ ಕೂಡ ಸರಿಯಾಗಿ 100 ಏರಿದೆ. ನಮ್ಮ ಕರೆಂಟ್ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 100 ಅರ್ಧ ಅಲೆ. ಒಂದೊಂದು ಅರ್ಧ ಅಲೆಗೂ ಏನೋ ಒಂದು ಕಿಡಿ ಹಾರಿಸುತ್ತಿದೆ, ನಿಮ್ಮ ಜಂಪರ್ ವೈರ್ ಆಂಟೆನಾ ಆಗಿ ಎರಡು ಚಾನೆಲ್ಲಿಗೂ ಒಟ್ಟಿಗೆ ಕೊಡುತ್ತಿದೆ.

ಮಧ್ಯಾಹ್ನ ಮಾತ್ರ, ಅದೂ ಬಿಟ್ಟು ಬಿಟ್ಟು. ಕೋಣೆಯಲ್ಲಿ ಫ್ಯಾನ್ ಇದೆಯಾ? ರೆಗ್ಯುಲೇಟರ್ ಯಾವುದು? ಎಷ್ಟರಲ್ಲಿ ಇಡುತ್ತೀರಿ?

ಬೆಣ್ಣೆದೋಸೆ_ಲ್ಯಾಬ್
ಅಯ್ಯೋ. ಟೇಬಲ್ ಪಕ್ಕದ ಗೋಡೆಯಲ್ಲೇ ಇದೆ, ನುಣ್ಣಗೆ ತಿರುಗುವ ಸಣ್ಣ ಎಲೆಕ್ಟ್ರಾನಿಕ್ ನಾಬ್. ಎರಡರಲ್ಲಿ ಇಟ್ಟಿರುತ್ತೇನೆ, ಜೋರಾಗಿ ಹಾಕಿದರೆ ಹಾಳೆ ಹಾರುತ್ತೆ. ಈಗಲೇ ಆಫ್ ಮಾಡಿ ನೋಡುತ್ತೇನೆ.

ಬೆಣ್ಣೆದೋಸೆ_ಲ್ಯಾಬ್
ಫ್ಯಾನ್ ಆಫ್: 24, 26, 23. ಎರಡರಲ್ಲಿ: 6004, 6011. ಪೂರ್ತಿ ಐದರಲ್ಲಿ: 29, 25, 31. ಬೆವರು ಸುರಿಯುತ್ತಿದೆ, ಆದರೂ ಖುಷಿ ಆಗಿದೆ!

ಉಡುಪಿ_ಆಸಿಲೋಸ್ಕೋಪ್
ಹೋ, ಟ್ರಯಾಕ್, ಆ ನಾಬ್ ಒಳಗಿನ ಎಲೆಕ್ಟ್ರಾನಿಕ್ ಸ್ವಿಚ್. ಅದು ಒಂದೊಂದು ಅರ್ಧ ಅಲೆಯಲ್ಲೂ ಸ್ವಲ್ಪ ಹೊತ್ತು ಕರೆಂಟ್ ತಡೆದು ಆಮೇಲೆ ಗಕ್ಕನೆ ಬಿಡುತ್ತದೆ. ಆ ಗಕ್ಕನೆ ಬಿಡುವುದೇ ಸ್ಪೈಕ್. ಐದಕ್ಕೆ ಇಟ್ಟರೆ ತಡೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ, ಅದಕ್ಕೇ ಸುಮ್ಮನಾಯಿತು. ಮತ್ತೆ ನಿಮ್ಮ 5998, 6017 ಇದೆಯಲ್ಲ, ಅದರಲ್ಲಿ ಗ್ರಿಡ್ ಫ್ರೀಕ್ವೆನ್ಸಿಯ ಏರಿಳಿತವೂ ಕೂತಿದೆ. 49.90ರಿಂದ 50.05 ಹರ್ಟ್ಜ್ ನಡುವೆ ಇಡಬೇಕು ಅಂತ ಗ್ರಿಡ್ ನಡೆಸುವವರ ನಿಯಮ. ಮ್ಯೂಆನ್ ಕಳೆದು ಲೆಕ್ಕ ಹಾಕಿ ನೋಡಿ, ಒಳ್ಳೆ ಮೋಜು.

ಹತ್ತಿರದ ಕಾಲೇಜಿನಲ್ಲಿ ಆಸಿಲೋಸ್ಕೋಪ್ ಸಿಕ್ಕಿದರೆ ಎರಡು ಚಾನೆಲ್ಲನ್ನೂ ಒಟ್ಟಿಗೆ ನೋಡಿ. ಮ್ಯೂಆನ್ ಪಲ್ಸ್ ಒಂದೇ ಕಡೆಗೆ ಚಕ್ಕನೆ ಏಳುತ್ತದೆ, ಆಮೇಲೆ ಬಾಲ ಬಿಟ್ಟುಕೊಂಡು ನಿಧಾನಕ್ಕೆ ಇಳಿಯುತ್ತದೆ. ಒಂದೊಂದರ ಎತ್ತರ ಒಂದೊಂದು. ಟ್ರಯಾಕಿನ ಕಸ ಸೊನ್ನೆಯ ಮೇಲೂ ಕೆಳಗೂ ನಡುಗುತ್ತದೆ, ಎರಡು ಚಾನೆಲ್ಲಿನಲ್ಲೂ ಅಚ್ಚು ಹೊಡೆದ ಹಾಗೆ ಒಂದೇ ಆಕಾರ. ಒಮ್ಮೆ ನೋಡಿದರೆ ಮತ್ತೆ ಮೋಸ ಹೋಗುವುದಿಲ್ಲ.

ಡಾರ್ಕ್‌ಕೌಂಟ್
ಏನೇ ಇರಲಿ, ಟೆಂಪರೇಚರ್ ಕಾಂಪೆನ್ಸೇಷನ್ ಬೇಕೇ ಬೇಕು. ಸೆಖೆ ಆಗದಿದ್ದರೆ ಫ್ಯಾನ್ ಯಾರು ಹಾಕುತ್ತಿದ್ದರು?

ವೈಟ್‌ಫೀಲ್ಡ್_ವೈದೇಹಿ
ಆ ಲೆಕ್ಕದಲ್ಲಿ ನೀವು ಗೆದ್ದಿರಿ ಸರ್ 😄

ಬೆಣ್ಣೆದೋಸೆ, ಫ್ಯಾನ್ ಆಫ್ ಮಾಡಿಕೊಂಡು ಕೂರಬೇಡಿ. ನಾಳೆ ಪಕ್ಕದ ಮನೆಯ ಮಿಕ್ಸಿಯೂ ಇದೇ ಮಾಡುತ್ತೆ. ಮೊದಲು ಬ್ರೆಡ್‌ಬೋರ್ಡ್ ಬಿಟ್ಟು ಬೆಸುಗೆ ಹಾಕಿ. ಜಂಪರ್ ಬದಲು ತೆಳ್ಳನೆಯ ಕೋಆಕ್ಸ್ (ಸುತ್ತ ಲೋಹದ ಹೊದಿಕೆ ಇರುವ ಕೇಬಲ್). ಬೋರ್ಡನ್ನು ತಗಡಿನ ಬಿಸ್ಕತ್ ಡಬ್ಬದೊಳಗೆ ಇಟ್ಟು, ಡಬ್ಬವನ್ನು ಗ್ರೌಂಡಿಗೆ ಒಂದೇ ಕಡೆ ಸೇರಿಸಿ. ಬಯಾಸ್ ಒಂದೇ ಕನ್ವರ್ಟರಿನಿಂದ ಹೋಗುತ್ತಿದೆಯಲ್ಲ, ಒಂದೊಂದು ಎಸ್‌ಐಪಿಎಂ ಮುಂದೆ ಬೇರೆ ಬೇರೆ ರೆಸಿಸ್ಟರ್, ಕೆಪಾಸಿಟರ್ ಫಿಲ್ಟರ್ ಹಾಕಿ. ಒಂದರ ಪಲ್ಸ್ ಇನ್ನೊಂದಕ್ಕೆ ಆ ದಾರಿಯಲ್ಲೂ ನುಸುಳುತ್ತೆ.

ತುಂಗೆತಟ
ಸುಲಭದ ದಾರಿ: ಕಟ್ ಕಟ್ ಅಂತ ಹಂತಹಂತವಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿ. ಅದರಲ್ಲಿ ಟ್ರಯಾಕ್ ಇರಲ್ಲ.

ಬೆಣ್ಣೆದೋಸೆ_ಲ್ಯಾಬ್
ಬಾಡಿಗೆ ಮನೆ ಸರ್. ಓನರ್ ಒಂದು ಮೊಳೆ ಹೊಡೆಯಲೂ ಬಿಡಲ್ಲ. ಡಬ್ಬವೇ ಗತಿ.

ಬೆಣ್ಣೆದೋಸೆ_ಲ್ಯಾಬ್
ಡಬ್ಬ, ಕೋಆಕ್ಸ್, ಫಿಲ್ಟರ್ ಎಲ್ಲಾ ಹಾಕಿದೆ. ಫ್ಯಾನ್ ಎರಡರಲ್ಲೇ ತಿರುಗುತ್ತಿದೆ, ಎಣಿಕೆ 22ರಿಂದ 27. ಪ್ಲೇಟ್ ದೂರ ಇಟ್ಟರೆ ಹೆಚ್ಚೂಕಡಿಮೆ ಸೊನ್ನೆ. ಥ್ಯಾಂಕ್ಸ್ ಎಲ್ಲರಿಗೂ. ಈಗ ಇನ್ನೊಂದು ಕಾಣುತ್ತಿದೆ. ಗಂಟೆಗೆ 1440 ಬರಬೇಕಾದ್ದು ಒಮ್ಮೆ 1405, ಒಮ್ಮೆ 1476. ಗಾಳಿಯ ಒತ್ತಡ ಏರಿದರೆ ಮ್ಯೂಆನ್ ಕಡಿಮೆ ಆಗುತ್ತೆ ಅಂತ ಓದಿದ್ದೆ. ಅದೇನಾ ಇದು?

ಡಾರ್ಕ್‌ಕೌಂಟ್
ಟೆಂಪರೇಚರ್.

ವೈಟ್‌ಫೀಲ್ಡ್_ವೈದೇಹಿ
ಎರಡೂ ಅಲ್ಲ. 1440ರ ವರ್ಗಮೂಲ 38. ಅಂದರೆ ಏನೂ ಆಗದಿದ್ದರೂ ಗಂಟೆಯಿಂದ ಗಂಟೆಗೆ ಅಷ್ಟು ಆಚೀಚೆ ಆಗೇ ಆಗುತ್ತೆ. ಒತ್ತಡದ ಪರಿಣಾಮ ಒಂದು ಹೆಕ್ಟೊಪಾಸ್ಕಲ್‌ಗೆ ನೂರಕ್ಕೆ 0.1ರಿಂದ 0.2 ಅಷ್ಟೇ. ನಮ್ಮ ಕಡೆ ದಿನದಲ್ಲಿ ಒತ್ತಡ ಏರಿಳಿಯುವುದೇ ಕೆಲವು ಹೆಕ್ಟೊಪಾಸ್ಕಲ್. ನೂರಕ್ಕೆ 0.3ರ ಬದಲಾವಣೆಯನ್ನು ಧೈರ್ಯವಾಗಿ ಹೇಳಬೇಕಾದರೆ ಹತ್ತು ಲಕ್ಷ ಎಣಿಕೆ ಬೇಕು. ನಿಮ್ಮ ಪ್ಲೇಟಿಗೆ ಸುಮಾರು ಒಂದು ತಿಂಗಳು. ಊಟಿಯ ಕಾಸ್ಮಿಕ್ ಕಿರಣ ಪ್ರಯೋಗ ಗ್ರೇಪ್ಸ್-3ರಲ್ಲಿ ಮ್ಯೂಆನ್ ಡಿಟೆಕ್ಟರೇ 560 ಚದರ ಮೀಟರ್ ಇದೆ. 2014ರ ಡಿಸೆಂಬರಿನಲ್ಲಿ ಒಂದು ಗುಡುಗುಮೋಡದೊಳಗೆ 130 ಕೋಟಿ ವೋಲ್ಟ್ ಇತ್ತು ಅಂತ ಅವರು ಹೇಳಲಿಕ್ಕೆ ಆದದ್ದು ಅದಕ್ಕೇ.

ಕೋಲಾರದ_ಕೆಂಪಣ್ಣ
ಆ ಡಿಟೆಕ್ಟರಿನ ಕಬ್ಬಿಣದ ಕೊಳವೆಗಳು ಕೆಜಿಎಫ್‌ನ ಪ್ರೋಟಾನ್ ತಾನಾಗಿ ಒಡೆಯುತ್ತಾ ಅಂತ ಹುಡುಕಿದ ಪ್ರಯೋಗದಿಂದ ಹೋದದ್ದು. ಸುಮ್ನೆ ಗೊತ್ತಿರಲಿ ಅಂತ ಹೇಳಿದೆ.

ವೈಟ್‌ಫೀಲ್ಡ್_ವೈದೇಹಿ
ಗೊತ್ತು ಕೆಂಪಣ್ಣ. ಬೆಣ್ಣೆದೋಸೆ, ಒತ್ತಡ ಅಳೆಯುವ ಸಣ್ಣ ಸೆನ್ಸರ್ ಒಂದು ಅದೇ ಆರ್ಡುಯಿನೊಗೆ ಸೇರಿಸಿ. ಪ್ಲೇಟ್‌ಗಳ ಗ್ಯಾಪ್ 2 ಸೆಂಟಿಮೀಟರಿಗೆ ತನ್ನಿ, ಎಣಿಕೆ ಎರಡು ಪಟ್ಟಿಗಿಂತ ಜಾಸ್ತಿ ಸಿಗುತ್ತೆ. ನಿಮಿಷದ ಫೈಲ್ ಅಳಿಸಬೇಡಿ, ಸರಾಸರಿ ಆಮೇಲೆ ತೆಗೆಯಬಹುದು.