ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ: ದೊಡ್ಡ ಓದುವ ಕೋಣೆ ಮೇಲೆ, ಪುಸ್ತಕಗಳು ಕೆಳಗೆ ಏಕೆ?

ಪ್ರಶ್ನೆ: ಫಿಫ್ತ್ ಅವೆನ್ಯೂದಲ್ಲಿ 1911ರಲ್ಲಿ ತೆರೆದ ಮುಖ್ಯ ಕಟ್ಟಡದಲ್ಲಿ ಓದುವ ಕೋಣೆ ಮೂರನೇ ಮಹಡಿಯಲ್ಲಿದೆ, ಪುಸ್ತಕದ ಕಪಾಟುಗಳು ಅದರ ಕೆಳಗಿವೆ. ಹೀಗೇಕೆ ಮಾಡಿದರು? ಆ ಕಪಾಟುಗಳನ್ನು ತೆಗೆದು ಜಾಗ ಮಾಡಿಕೊಳ್ಳಬಹುದೆ?

ಉತ್ತರ 1: ಮೂಲ ಕಲ್ಪನೆ ಮೊದಲ ನಿರ್ದೇಶಕ ಜಾನ್ ಶಾ ಬಿಲ್ಲಿಂಗ್ಸ್ ಅವರದು, ಅದಕ್ಕೆ ರೂಪ ಕೊಟ್ಟವರು ವಾಸ್ತುಶಿಲ್ಪಿಗಳಾದ ಕ್ಯಾರೇರ್ ಮತ್ತು ಹೇಸ್ಟಿಂಗ್ಸ್. ಮೇಲಿದ್ದರೆ ಬೀದಿಯ ಸದ್ದು ಕಡಿಮೆ, ಎರಡೂ ಬದಿಯ ಕಮಾನು ಕಿಟಕಿಗಳಿಂದ ಬೆಳಕು ಧಾರಾಳ. ಬೇಡಿಕೆ ಚೀಟಿ ಗಾಳಿಕೊಳವೆಯಲ್ಲಿ ಕೆಳಗಿಳಿಯುತ್ತಿತ್ತು, ಪುಸ್ತಕ ಲಿಫ್ಟಿನಲ್ಲಿ ಮೇಲೆ ಬರುತ್ತಿತ್ತು.

ಕಪಾಟು ತೆಗೆಯುವುದು ಸುಲಭವಲ್ಲ. ಏಳು ಹಂತಗಳ ಆ ಉಕ್ಕಿನ ಚೌಕಟ್ಟು ಬರೀ ಪುಸ್ತಕ ಹೊರಲು ಮಾಡಿದ್ದಲ್ಲ, 297 ಅಡಿ ಉದ್ದ, 78 ಅಡಿ ಅಗಲದ ಓದುವ ಕೋಣೆಯ ನೆಲವನ್ನೂ ಹೊತ್ತಿದೆ. ಅದನ್ನು ಕಿತ್ತರೆ ನೆಲಕ್ಕೆ ಬೇರೆ ಆಧಾರ ಕೊಡಲೇಬೇಕು. ಕಪಾಟು ತೆಗೆಯುವ ಯೋಜನೆಯೊಂದನ್ನು 2014ರಲ್ಲಿ ಕೈಬಿಟ್ಟರು, ಒಳ್ಳೆಯದೇ ಆಯಿತು.

ಉತ್ತರ 2: ಆದರೂ ಪುಸ್ತಕಗಳನ್ನು ಅಲ್ಲಿಂದ ಸಾಗಿಸಬೇಕಾಯಿತು. ಹಳೆಯ ಕಪಾಟುಗಳಲ್ಲಿ ಉಷ್ಣತೆ, ತೇವಾಂಶದ ಸರಿಯಾದ ನಿಯಂತ್ರಣವಿಲ್ಲ. ಕಾಗದ ಬೇಗ ಪೆಡಸಾಗುತ್ತದೆ. ಈಗಿನ ಉಗ್ರಾಣ ಪಕ್ಕದ ಬ್ರಯಂಟ್ ಪಾರ್ಕಿನ ಅಡಿಯಲ್ಲಿದೆ. ಹಳಿಯ ಮೇಲೆ ಓಡುವ 24 ಪುಟ್ಟ ಬಂಡಿಗಳು ಅಲ್ಲಿಂದ ಪುಸ್ತಕ ತರುತ್ತವೆ.

ಉತ್ತರ 3: ಚಾವಣಿಯನ್ನೂ ಮರೆಯಬೇಡಿ. 2014ರ ಮೇ ತಿಂಗಳ ಒಂದು ರಾತ್ರಿ ಪ್ಲಾಸ್ಟರಿನ ಹೂವೊಂದು 52 ಅಡಿ ಎತ್ತರದಿಂದ ಬಿತ್ತು. ಕೋಣೆ ಮುಚ್ಚಿ, ಸುಮಾರು 900 ಪ್ಲಾಸ್ಟರ್ ಅಲಂಕಾರಗಳಿಗೆ ಉಕ್ಕಿನ ತಂತಿಯ ಹೆಚ್ಚುವರಿ ಆಸರೆ ಕೊಟ್ಟು, 2016ರ ಅಕ್ಟೋಬರಿನಲ್ಲಿ ಮತ್ತೆ ತೆರೆದರು.