ಆಕ್ಟೇವಿಯಾ ಆರ್‌ಎಸ್‌ಗೆ ದೊಡ್ಡ ಟರ್ಬೊ: ನಮ್ಮ ಏರು ರಸ್ತೆಗೆ ಸರಿ ಬರುತ್ತದಾ?

ಪ್ರಶ್ನೆ (ಸಿದ್ದಾಪುರ):
ನಮಸ್ಕಾರ ಅಣ್ಣ. ನನ್ನದು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. ಓಡಿರುವುದು 68,000 ಕಿ.ಮೀ. ಎರಡು ವರ್ಷದ ಹಿಂದೆ ಸ್ಟೇಜ್ 1 ಮ್ಯಾಪ್ (ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ಶಕ್ತಿ ಹೆಚ್ಚಿಸುವ ಕೆಲಸ) ಮಾಡಿಸಿದ್ದೆ. ಆಗ ಕಾರು ಹಾರುತ್ತಿತ್ತು. ಈಗ ಆರು ತಿಂಗಳಿಂದ ಆ ದಮ್ಮು ಇಲ್ಲ. ಸುಂಟಿಕೊಪ್ಪ ದಾಟಿ ಬೋಯಿಕೇರಿ ಏರು ಹತ್ತುವಾಗ ಕಾಲು ಒತ್ತಿದರೆ ಬರೀ ಸದ್ದು ಬರುತ್ತದೆ, ಎಳೆತ ಇಲ್ಲ. ಗೆಳೆಯರೆಲ್ಲ ಐಎಸ್38 ಅನ್ನುವ ದೊಡ್ಡ ಟರ್ಬೊ ಹಾಕಿಸು, ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕಿದರೆ ಮುಗಿಯಿತು ಅನ್ನುತ್ತಾರೆ. ಈ ಸಲ ಮೆಣಸಿನ ದುಡ್ಡು ಸ್ವಲ್ಪ ಕೈಯಲ್ಲಿದೆ. ಹಾಕಿಸಲಾ? ದಿನಾ ಓಡಾಟ ಸಿದ್ದಾಪುರ, ವಿರಾಜಪೇಟೆ, ಮಡಿಕೇರಿ. ತಿಂಗಳಿಗೊಮ್ಮೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇನೆ.

ಉತ್ತರ (ಟರ್ಬೊ ಮತ್ತು ಟ್ಯೂನಿಂಗ್ ಕೆಲಸ, ಕುಶಾಲನಗರ):
ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಬೆರೆತು ಹೋಗಿದೆ. ಮೊದಲು ಇದ್ದ ಎಳೆತ ಈಗ ಇಲ್ಲ ಅಂದರೆ ಅದು ರಿಪೇರಿಯ ಮಾತು. ಇದ್ದ ಎಳೆತ ಸಾಲದು ಅಂದರೆ ಮಾತ್ರ ದೊಡ್ಡ ಟರ್ಬೊ ಮಾತು. ಕಾಯಿಲೆ ಇರುವ ಎಂಜಿನ್ನಿಗೆ ದೊಡ್ಡ ಟರ್ಬೊ ಹಾಕಿದರೆ ಕಾಯಿಲೆಯೂ ದೊಡ್ಡದಾಗುತ್ತದೆ, ಅಷ್ಟೇ. ಹಾಗಾಗಿ ಮೊದಲು ಚೆಕ್ ಮಾಡಿಸಿ. ಅದನ್ನು ಕೊನೆಗೆ ಹೇಳುತ್ತೇನೆ. ಟರ್ಬೊ ವಿಷಯ ಕೇಳಿದ್ದೀರಿ, ಅದನ್ನು ಮೊದಲು ಸರಿಯಾಗಿ ಹೇಳಿಬಿಡುತ್ತೇನೆ.

ಟರ್ಬೊ ಅಂದರೆ ಎಂಜಿನ್ ಹೊರಬಿಡುವ ಹೊಗೆಯ ಬಲದಲ್ಲಿ ಚಕ್ರ ತಿರುಗಿಸಿ ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಸಾಮಾನು. ನಿಮ್ಮ ಕಾರಿನಲ್ಲಿ ಈಗ ಇರುವುದು ಐಎಸ್20 ಎಂಬ ಚಿಕ್ಕ ಟರ್ಬೊ. ಐಎಸ್38 ಅಂದರೆ 300 ಪಿಎಸ್‌ನ (ಅಶ್ವಶಕ್ತಿಯ ಲೆಕ್ಕ) ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್ ಕಾರಿಗೆ ಕಂಪನಿಯೇ ಹಾಕಿದ್ದು. ಎರಡೂ ಜಪಾನಿನ ಐಹೆಚ್ಐ ಮಾಡಿದ್ದು, ಎಂಜಿನ್ನೂ ಒಂದೇ ಕುಟುಂಬದ್ದು. ಅದಕ್ಕೇ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಗೆಳೆಯರು ಹೇಳಿದ್ದರಲ್ಲಿ ಅಷ್ಟು ಮಾತ್ರ ನಿಜ.

ಈಗ ಘಾಟಿಗೆ ಬನ್ನಿ. ಆರ್‌ಎಸ್ 230ಗೆ ಕಂಪನಿ ಕೊಟ್ಟ ಲೆಕ್ಕ 230 ಪಿಎಸ್, ಟಾರ್ಕ್ (ತಿರುಗಿಸುವ ಬಲ) 350 ನ್ಯೂಟನ್ ಮೀಟರ್. ಆ ಟಾರ್ಕ್ ಶುರುವಾಗುವುದು ಬರೀ 1,500 ಆರ್‌ಪಿಎಂಗೆ. ಸಂಪಾಜೆ ಘಾಟಿಯ ತಿರುವಿನಲ್ಲಿ ಎರಡನೇ ಗೇರಲ್ಲಿ ಗಂಟೆಗೆ 30 ಕಿ.ಮೀ.ನಲ್ಲಿ ಹೊರಬರುತ್ತೀರಿ ಅಂದುಕೊಳ್ಳಿ. ಆಗ ಎಂಜಿನ್ ಎರಡು ಸಾವಿರದ ಆಸುಪಾಸಿನಲ್ಲಿರುತ್ತದೆ. ಐಎಸ್20 ಅಲ್ಲೇ ಎದ್ದು ಎಳೆಯುತ್ತದೆ. ಐಎಸ್38ನ ಚಕ್ರ ದೊಡ್ಡದು, ತಿರುಗಿಸಲು ಹೊಗೆ ಜಾಸ್ತಿ ಬೇಕು. ಮೂರು ಸಾವಿರ ದಾಟುವವರೆಗೆ ಅದು ಪೂರ್ತಿ ಎಚ್ಚರ ಆಗುವುದಿಲ್ಲ. ನೀವು ಕಾಲು ಒತ್ತಿ ಕಾಯುತ್ತೀರಿ, ಅದು ಎದ್ದೇಳುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಎದ್ದಾಗ ಒಂದೇ ಸಲ ಎದ್ದೇಳುತ್ತದೆ. ಮುಂದಿನ ಚಕ್ರದ ಡ್ರೈವ್, ಜುಲೈ ತಿಂಗಳ ಮಳೆ, ರಸ್ತೆ ಮೇಲೆ ಬರೆಯಿಂದ ಹರಿದು ಬಂದ ಕೆಂಪು ಮಣ್ಣು. ಸ್ಟೇರಿಂಗ್ ಕೈಯಲ್ಲಿ ಎಳೆದಾಡುತ್ತದೆ, ಚಕ್ರ ಸುಮ್ನೆ ಸುತ್ತುತ್ತದೆ.

ಇನ್ನೊಂದು ವಿಷಯ ಬೆಟ್ಟದ ಮೇಲಿರುವ ನಾವು ತಿಳಿದಿರಲೇಬೇಕು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು 0.88 ಬಾರ್, ಮಂಗಳೂರಿನಲ್ಲಿ 1.01. ಎಂಜಿನ್ನಿಗೆ ಒಟ್ಟು 2.3 ಬಾರ್ ಒತ್ತಡ ಬೇಕು ಅಂತ ಮ್ಯಾಪ್ ಕೇಳಿದರೆ ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು 2.28 ಪಟ್ಟು ಒತ್ತಬೇಕು, ಮಡಿಕೇರಿಯಲ್ಲಿ 2.6 ಪಟ್ಟು. ಅದೇ ಕೆಲಸಕ್ಕೆ ಶಾಫ್ಟ್ ಇನ್ನೂ ಜೋರಾಗಿ ತಿರುಗಬೇಕು. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟಿ ತಿರುಗುವ ಸಾಮಾನು ಅದು. ಸಮುದ್ರ ಮಟ್ಟದಲ್ಲಿ ಕೂತು ಅಂಚಿಗೆ ಎಳೆದು ಮಾಡಿದ ಮ್ಯಾಪನ್ನು, ಎತ್ತರಕ್ಕೆ ತಕ್ಕ ಹಾಗೆ ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಇಳಿಸುವ ಲೆಕ್ಕ ಇಡದೆ ಇಲ್ಲಿ ಓಡಿಸಿದರೆ ಚಿಕ್ಕ ಟರ್ಬೊ ತನ್ನ ಮಿತಿ ದಾಟಿ ತಿರುಗುತ್ತದೆ. ಗಾಳಿಯನ್ನು ಒತ್ತುವುದಕ್ಕಿಂತ ಕಾಯಿಸುವುದೇ ಜಾಸ್ತಿ ಆಗುತ್ತದೆ.

ಟರ್ಬೊ ಬೆಳೆದದ್ದೇ ಎತ್ತರದ ಸಮಸ್ಯೆಯಿಂದ ಅಲ್ವಾ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ಒಂದು ವಿಮಾನದ ಎಂಜಿನ್ನನ್ನು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಸಾಗಿಸಿ, ಟರ್ಬೊ ಇದ್ದರೆ ಅಲ್ಲಿಯೂ ಕೆಳಗಿನಷ್ಟೇ ಶಕ್ತಿ ಬರುತ್ತದೆ ಅಂತ ತೋರಿಸಿದರು. ಹಾಗಾಗಿ ದೊಡ್ಡ ಟರ್ಬೊಗೆ ಇಲ್ಲಿ ಒಂದು ನ್ಯಾಯವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಎತ್ತರದಲ್ಲಿ ಐಎಸ್20 ಏದುಸಿರು ಬಿಡುವ ಕಡೆ ಐಎಸ್38 ಆರಾಮವಾಗಿ ಗಾಳಿ ಕೊಡುತ್ತದೆ. ಆದರೆ ಅದು ಮೇಲಿನ ಆರ್‌ಪಿಎಂನಲ್ಲಿ. ತೆಳು ಗಾಳಿಯಲ್ಲಿ ಅದು ಎದ್ದೇಳುವುದು ಇನ್ನೂ ತಡ. ನಾಲ್ಕು ಸಾವಿರದ ಮೇಲೆ ಎಂಜಿನ್ ಇಟ್ಟು ಓಡಿಸಲು ನಮ್ಮಲ್ಲಿ ರಸ್ತೆ ಎಲ್ಲಿದೆ ಹೇಳಿ?

ನಿಮ್ಮ ಓಡಾಟಕ್ಕೆ ನನ್ನ ಉತ್ತರ: ಬೇಡ. ಐಎಸ್20 ಇರಲಿ. ದುಡ್ಡು ಇಂಟರ್‌ಕೂಲರ್‌ಗೆ (ಟರ್ಬೊ ಒತ್ತಿದ ಬಿಸಿ ಗಾಳಿ ತಣಿಸುವ ಸಾಮಾನು), ಒಳ್ಳೆ ಟೈರಿಗೆ, ಬ್ರೇಕಿಗೆ ಹಾಕಿ.

ಈಗ ಚೆಕ್ ಮಾಡುವ ಮಾತು. ಸ್ಪಾರ್ಕ್ ಪ್ಲಗ್ ಯಾವಾಗ ಬದಲಾಯಿಸಿದ್ದು? ಬೂಸ್ಟ್ ಪೈಪುಗಳಿಗೆ ಸ್ಮೋಕ್ ಟೆಸ್ಟ್ (ಹೊಗೆ ಬಿಟ್ಟು ಸೋರಿಕೆ ಹುಡುಕುವ ಪರೀಕ್ಷೆ) ಮಾಡಿಸಿದ್ದೀರಾ? ಲಾಗ್, ಅಂದರೆ ಓಡುವಾಗ ಎಂಜಿನ್ ಕಂಪ್ಯೂಟರ್ ಕೊಡುವ ಲೆಕ್ಕದ ದಾಖಲೆ, ತೆಗೆದು ಕಳಿಸಿ. ಕೇಳಿದ ಬೂಸ್ಟ್ ಎಷ್ಟು, ಸಿಕ್ಕಿದ್ದು ಎಷ್ಟು, ಒಳ ಹೋಗುವ ಗಾಳಿಯ ಬಿಸಿ, ವೇಸ್ಟ್‌ಗೇಟ್ (ಹೆಚ್ಚಿನ ಹೊಗೆಯನ್ನು ಟರ್ಬೊ ಚಕ್ರ ತಪ್ಪಿಸಿ ಬಿಡುವ ಬಾಗಿಲು) ಎಷ್ಟು ಮುಚ್ಚಿದೆ, ಪ್ರತಿ ಸಿಲಿಂಡರಿನಲ್ಲಿ ಕಿಡಿ ಹಾರುವ ಟೈಮಿಂಗ್ ಎಷ್ಟು ಹಿಂದೆ (ತಡ) ಹೋಗುತ್ತಿದೆ, ಇಷ್ಟು ಸಾಕು. ಘಾಟಿಯಲ್ಲಿ ಇದನ್ನು ಮಾಡಬೇಡಿ. ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಸಿಕ್ಕರೆ ಅದರ ಮೇಲೆ ಮಾಡಿಸಿ.

ಪ್ರತಿಕ್ರಿಯೆ (ಮಡಿಕೇರಿ):
ಅಣ್ಣ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ನನ್ನ ಕಾರಿನಲ್ಲಿ ಐಎಸ್38 ಹಾಕಿ ಒಂದೂವರೆ ವರ್ಷ ಆಯಿತು. ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ಓಡಿಸಿದಾಗ ಅದರ ಸುಖವೇ ಬೇರೆ. ಐಎಸ್20 ಮೇಲಕ್ಕೆ ಹೋದಂತೆ ಸುಸ್ತಾಗುತ್ತಿತ್ತು, ಇದು ಕೊನೆಯವರೆಗೆ ಎಳೆಯುತ್ತದೆ.

ಉತ್ತರ:
ನಿಮ್ಮದು ಸರಿಯಾದ ಜಾಗಕ್ಕೆ ಸರಿಯಾದ ಸಾಮಾನು. ಟ್ರ್ಯಾಕಿನಲ್ಲಿ ನಾಲ್ಕು ಸಾವಿರದ ಕೆಳಗೆ ಇಳಿಯುವ ಹೊತ್ತು ಕಡಿಮೆ. ಅಲ್ಲಿ ನಾನೂ ಐಎಸ್38 ಅಂತಲೇ ಹೇಳುತ್ತೇನೆ. ಆದರೆ ನೀವು ಅದರ ಜೊತೆ ಇನ್ನೇನು ಹಾಕಿಸಿದಿರಿ ಅಂತ ಇಲ್ಲಿ ಬರೆಯಿರಿ. ಓದುವ ಹುಡುಗರು ಬರೀ ಟರ್ಬೊ ಬೆಲೆ ನೋಡಿ ಹೊರಡುತ್ತಾರೆ.

ಪ್ರತಿಕ್ರಿಯೆ (ಮಡಿಕೇರಿ):
ಇಂಟರ್‌ಕೂಲರ್, ಇನ್‌ಟೇಕ್ (ಗಾಳಿ ಒಳಬರುವ ಪೈಪ್), ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪ್), ಪ್ಲಗ್, ಹೈ ಪ್ರೆಶರ್ ಪೆಟ್ರೋಲ್ ಪಂಪ್, ಎಂಜಿನ್ ಮ್ಯಾಪ್, ಗೇರ್‌ಬಾಕ್ಸ್ ಮ್ಯಾಪ್. ಟರ್ಬೊಗಿಂತ ಉಳಿದದ್ದಕ್ಕೇ ಜಾಸ್ತಿ ಹೋಯಿತು.

ಉತ್ತರ:
ಅದೇ ನಾನು ಹೇಳಬೇಕೆಂದಿದ್ದು. ಒಂದೊಂದಕ್ಕೂ ಕಾರಣ ಇದೆ. ಬೂಸ್ಟ್ ಏರಿದಷ್ಟೂ ಸಿಲಿಂಡರಿನೊಳಗೆ ಕಿಡಿ ಹಾರುವುದು ಕಷ್ಟ, ಅದಕ್ಕೆ ಪ್ಲಗ್ಗಿನ ಗ್ಯಾಪ್ ಸ್ವಲ್ಪ ಕಡಿಮೆ ಇಡುತ್ತೇವೆ. ಬಿಸಿಯೂ ಜಾಸ್ತಿ, ಅದಕ್ಕೆ ಪ್ಲಗ್ ಒಂದು ಹಂತ ತಣ್ಣಗಿನದು, ಅಂದರೆ ಬಿಸಿ ಬೇಗ ಬಿಟ್ಟುಕೊಡುವುದು, ಹಾಕುತ್ತೇವೆ. ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಬೇಕು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿನಿಂದ ನಾಕ್ (ಪೆಟ್ರೋಲ್ ಮಿಶ್ರಣ ತಾನಾಗಿಯೇ ಸಿಡಿದು ಹೊತ್ತಿಕೊಳ್ಳುವುದು) ತಡೆಯುವ ಗುಣ ಬರುತ್ತದೆ, ಅದು ಒಳ್ಳೆಯದೇ. ಆದರೆ ಲೀಟರಿಗೆ ಸಿಗುವ ಶಕ್ತಿ ಕಡಿಮೆ, ಅಷ್ಟೇ ಗಾಳಿಗೆ ಇನ್ನೂ ಜಾಸ್ತಿ ಪೆಟ್ರೋಲ್ ಸುರಿಯಬೇಕು. ಪಂಪ್ ಸೋತು ಮಿಶ್ರಣ ತೆಳುವಾದರೆ ಪಿಸ್ಟನ್ ಕರಗುತ್ತದೆ. ಇದು ಹೆದರಿಸಲು ಹೇಳುವ ಮಾತಲ್ಲ, ಕರಗಿದ ಪಿಸ್ಟನ್ ಕೈಯಲ್ಲಿ ಹಿಡಿದು ನೋಡಿದ್ದೇನೆ. ಮ್ಯಾಪ್ ಯಾವ ಪೆಟ್ರೋಲಿಗೆ ಮಾಡಿದ್ದೋ ಅದನ್ನೇ ಹಾಕಬೇಕು. 100 ಆಕ್ಟೇನಿಗೆ ಮಾಡಿದ ಮ್ಯಾಪ್ ಇಟ್ಟುಕೊಂಡು ಊರಿನ ಬಂಕಿನಲ್ಲಿ ಸಾದಾ ಪೆಟ್ರೋಲ್ ತುಂಬಿಸಿ ಘಾಟಿ ಹತ್ತಬೇಡಿ.

ಆಕ್ಟೇವಿಯಾದ ಆರು ಗೇರಿನ ಆ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನದು, ಗಟ್ಟಿ ಸಾಮಾನು. ಆದರೂ ಕಂಪನಿ ಲೆಕ್ಕ 350 ನ್ಯೂಟನ್ ಮೀಟರಿನ ಆಸುಪಾಸು. ಅದರ ಮೇಲೆ ಹೋದರೆ ಕ್ಲಚ್ ಹಿಡಿತ ಹೆಚ್ಚಿಸುವ ಗೇರ್‌ಬಾಕ್ಸ್ ಮ್ಯಾಪ್ ಬೇಕೇ ಬೇಕು. ಅದರ ಎಣ್ಣೆಯನ್ನು 60,000ಕ್ಕೆ ಬದಲಾಯಿಸಬೇಕು. ಸಿದ್ದಾಪುರದವರೇ, ನಿಮ್ಮದು 68,000 ಆಗಿದೆ, ನೋಡಿಕೊಳ್ಳಿ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಇನ್ಶೂರೆನ್ಸಿನವರಿಗೆ ತಿಳಿಸದೆ ಮಾಡಿಸಿದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣ ಸಿಕ್ಕಿದ ಹಾಗೆ. ಟ್ರ್ಯಾಕಿಗೆಂದೇ ಬೇರೆ ಗಾಡಿ ಇಟ್ಟುಕೊಳ್ಳುವುದು ಅದಕ್ಕೇ ಮೇಲು.

ಪ್ರಶ್ನೆ (ಸೋಮವಾರಪೇಟೆ):
ಸರ್, ನಾನು ಪೋಲೊ ಜಿಟಿ ಟಿಎಸ್ಐ ಓಡಿಸುತ್ತೇನೆ, 1.2 ಲೀಟರಿನದು. ನಮ್ಮಂಥ ಚಿಕ್ಕ ಎಂಜಿನ್ನಿಗೂ ದೊಡ್ಡ ಟರ್ಬೊ ಆಗುತ್ತದಾ? ತಮ್ಮ ತುಂಬಾ ಒತ್ತಾಯ ಮಾಡುತ್ತಿದ್ದಾನೆ.

ಉತ್ತರ:
ಅಕ್ಕ, ಬೇಡವೇ ಬೇಡ. ನಿಮ್ಮ ಗೇರ್‌ಬಾಕ್ಸ್ ಏಳು ಗೇರಿನ ಒಣ ಕ್ಲಚ್ಚಿನದು, ಅದರ ಮಿತಿ 250 ನ್ಯೂಟನ್ ಮೀಟರ್. ಎಂಜಿನ್ ಕಂಪನಿಯಿಂದ ಕೊಡುವುದು 175. ಒಂದು ಹಿತಮಿತ ಮ್ಯಾಪಿಗೆ ಅಲ್ಲಿ ಜಾಗ ಇದೆ, ದೊಡ್ಡ ಟರ್ಬೊಗೆ ಇಲ್ಲ. ಒಣ ಕ್ಲಚ್ಚಿಗೆ ನಮ್ಮ ಏರಿನ ಟ್ರಾಫಿಕ್ಕೇ ದೊಡ್ಡ ಶಿಕ್ಷೆ. ಏರಿನಲ್ಲಿ ಆಕ್ಸಿಲರೇಟರಿನ ಮೇಲೆ ಗಾಡಿ ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಹಿಡಿಯಿರಿ. ತಮ್ಮನಿಗೆ ಇದನ್ನೇ ಓದಿಸಿ.

ಪ್ರಶ್ನೆ (ಪೊನ್ನಂಪೇಟೆ):
ಹೊಸ ಟರ್ಬೊ ಹಾಕಿ ಸ್ವಲ್ಪ ದಿನಕ್ಕೇ ಹೋಯಿತು ಅಂತ ತುಂಬಾ ಜನ ಹೇಳುತ್ತಾರೆ. ಸಾಮಾನು ಕೆಟ್ಟದ್ದಾ, ಕೆಲಸ ಕೆಟ್ಟದ್ದಾ?

ಉತ್ತರ:
ಐಎಸ್38ನ ಮೊದಮೊದಲ ಮಾದರಿಗಳಲ್ಲಿ ಟರ್ಬೊ ಹೋಗುವ ದೂರು ಹೊರದೇಶದಲ್ಲೂ ಬಹಳ ಇತ್ತು, ಆಮೇಲೆ ಸುಧಾರಿಸಿದ ಪಾರ್ಟ್ ನಂಬರ್ ಬಂತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನಂಬರ್ ನೋಡಿಯೇ ಕೊಳ್ಳಿ. ಆದರೆ ನಾನು ನೋಡಿದ ಹೆಚ್ಚಿನವು ಎಣ್ಣೆಯಿಂದ ಹೋದವು. ಟರ್ಬೊ ಶಾಫ್ಟ್ ಎಣ್ಣೆಯ ತೆಳು ಪದರದ ಮೇಲೆ ತೇಲುತ್ತದೆ. ಆ ಪದರ ಒಂದು ಗಳಿಗೆ ತಪ್ಪಿದರೆ ಸಾಕು.

ಹತ್ತು ವರ್ಷದ ಹಿಂದೆ ನನ್ನ ಕೈಯಲ್ಲೇ ಒಂದು ಹೋಗಿದೆ. ಎಣ್ಣೆ ವಾಪಸು ಬರುವ ಪೈಪಿಗೆ ಹೊಸ ಗ್ಯಾಸ್ಕೆಟ್ ಬರುವುದಕ್ಕೆ ಕಾಯದೆ ಸಿಲಿಕೋನ್ ಅಂಟು ಹಚ್ಚಿ ಕೂರಿಸಿದೆ. ಒಳಗೆ ಉಕ್ಕಿದ ಅಂಟು ಕಿತ್ತು ಬಂದು ದಾರಿ ಕಟ್ಟಿತು. 300 ಕಿ.ಮೀ. ಓಡುವಷ್ಟರಲ್ಲಿ ಟರ್ಬೊ ಎಣ್ಣೆ ಉಗುಳಿತು, ಸೈಲೆನ್ಸರಿನಲ್ಲಿ ನೀಲಿ ಹೊಗೆ. ಗಾಡಿಯವರಿಗೆ ನನ್ನ ದುಡ್ಡಿನಲ್ಲಿ ಬೇರೆ ಟರ್ಬೊ ಹಾಕಿಕೊಟ್ಟೆ. ಅಂದಿನಿಂದ ಆ ಜಾಗಕ್ಕೆ ಅಂಟು ಮುಟ್ಟಿಸಿಲ್ಲ. ಟರ್ಬೊ ಬದಲಾಯಿಸುವಾಗ ಎಣ್ಣೆ ಬರುವ ಪೈಪ್ ಹೊಸದು ಹಾಕಿಸಿ, ಮೊದಲ ಸಲ ಸ್ಟಾರ್ಟ್ ಮಾಡುವ ಮೊದಲು ಟರ್ಬೊ ಒಳಗೆ ಎಣ್ಣೆ ತುಂಬಿಸಿ, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಮಾಡಿ ಸ್ವಲ್ಪ ಕ್ರ್ಯಾಂಕ್ ಮಾಡಿಸಿ. ಯಾರಾದರೂ ಅರ್ಧ ದಿನದಲ್ಲಿ ಮುಗಿಸಿಕೊಡುತ್ತೇನೆ ಅಂದರೆ ಅಲ್ಲಿ ಗಾಡಿ ಬಿಡಬೇಡಿ.

ಪ್ರಶ್ನೆ ಕೇಳಿದವರು (ಸಿದ್ದಾಪುರ), ಒಂಬತ್ತು ದಿನದ ಮೇಲೆ:
ಅಣ್ಣ, ಮೈಸೂರಿನಲ್ಲಿ ಸ್ಮೋಕ್ ಟೆಸ್ಟ್ ಮಾಡಿಸಿದೆ. ಲಾಗೂ ತೆಗೆಸಿದೆ. ಕೇಳಿದ ಬೂಸ್ಟಿಗಿಂತ ಸಿಕ್ಕಿದ್ದು 0.3 ಬಾರ್ ಕಡಿಮೆ, ವೇಸ್ಟ್‌ಗೇಟ್ ಪೂರ್ತಿ ಮುಚ್ಚೇ ಇತ್ತು, ಗಾಳಿಯ ಬಿಸಿ 63 ಡಿಗ್ರಿ. ಇಂಟರ್‌ಕೂಲರಿನ ಕೆಳಗಿನ ರಬ್ಬರ್ ಪೈಪನ್ನು ಇಲಿ ಕಡಿದಿತ್ತು! ಕಾಫಿ ಮೂಟೆ ಇಡುವ ಶೆಡ್ಡಿನಲ್ಲೇ ಕಾರು ನಿಲ್ಲಿಸುತ್ತಿದ್ದೆ. ಪ್ಲಗ್ಗೂ ಒಂದು ಸಲವೂ ಬದಲಾಯಿಸಿರಲಿಲ್ಲ.

ಉತ್ತರ:
ಅದೇ ನೋಡಿ. ಗಾಳಿ ಸೋರುತ್ತಿತ್ತು, ಅದನ್ನು ತುಂಬಲು ಟರ್ಬೊ ಪೂರ್ತಿ ಜೋರಾಗಿ ತಿರುಗುತ್ತಿತ್ತು, ಗಾಳಿ ಕಾಯುತ್ತಿತ್ತು, ನಾಕ್ ಆಗದಿರಲಿ ಅಂತ ಕಂಪ್ಯೂಟರ್ ಟೈಮಿಂಗ್ ಹಿಂದೆ ಎಳೆಯುತ್ತಿತ್ತು. ಎಳೆತ ಹೋದದ್ದು ಹೀಗೆ. ಆರು ತಿಂಗಳು ಹಾಗೆ ದುಡಿದಿದೆ, ಪೈಪ್ ಬಿಚ್ಚಿದಾಗ ಶಾಫ್ಟ್ ಅಲ್ಲಾಡುತ್ತದಾ ಅಂತ ಕೈಯಲ್ಲಿ ಹಿಡಿದು ನೋಡಿಸಿ. ಶೆಡ್ಡಿನಿಂದ ಗಾಡಿ ಈಚೆ ತನ್ನಿ, ಇಲಿ ವೈರಿಂಗ್ ಕಡಿದರೆ ಖರ್ಚು ಇದಕ್ಕಿಂತ ಜಾಸ್ತಿ.

ಪ್ರಶ್ನೆ ಕೇಳಿದವರು (ಸಿದ್ದಾಪುರ):
ಶಾಫ್ಟ್ ಸರಿಯಾಗಿದೆ ಅಂದರು. ಹೊಸ ಪೈಪ್, ಪ್ಲಗ್, ಗೇರ್‌ಬಾಕ್ಸ್ ಎಣ್ಣೆ ಎಲ್ಲ ಆಯಿತು. ನಿನ್ನೆ ಬೋಯಿಕೇರಿ ಏರಿನಲ್ಲಿ ಹಳೇ ಕಾರೇ ವಾಪಸು ಬಂದ ಹಾಗಿತ್ತು. ಮಡಿಕೇರಿಯ ಅಣ್ಣ ಮುಂದಿನ ಸಲ ಕೊಯಮತ್ತೂರಿಗೆ ಕರೆದಿದ್ದಾರೆ, ಅವರ ಕಾರಿನಲ್ಲಿ ಕೂತು ಐಎಸ್38 ನೋಡಿ ಬರುತ್ತೇನೆ. ನನ್ನದನ್ನೂ ಎರಡು ಸುತ್ತು ಓಡಿಸುವ ಆಸೆ ಇದೆ.

ಉತ್ತರ:
ಖಂಡಿತ ಹೋಗಿ ಬನ್ನಿ. ಹೊರಡುವ ಮೊದಲು ಬ್ರೇಕ್ ಎಣ್ಣೆ ಬದಲಾಯಿಸಿ. ನಮ್ಮ ಮಳೆಗಾಲ ಕಳೆದ ಎಣ್ಣೆ ನೀರಿನಂಶ ಹೀರಿಕೊಂಡಿರುತ್ತದೆ, ಟ್ರ್ಯಾಕಿನ ಬಿಸಿಗೆ ಬೇಗ ಕುದಿಯುತ್ತದೆ, ಆಗ ಪೆಡಲ್ ನೆಲಕ್ಕೆ ಹೋಗುತ್ತದೆ. ಡಾಟ್ 4, ಹೊಸ ಡಬ್ಬ, ನಿಮ್ಮ ಎದುರಿಗೇ ಸೀಲ್ ಒಡೆಸಿ.